ಅವ್ವ ಕುಂತ ಅಳತೆ

ನಮ್ಮ ಮನೆಯ ಅಡಿಗೆ ಕಟ್ಟೆಯ ಎತ್ತರ ಎರಡು ಫೂಟು ಹತ್ತು ಇಂಚು. ವೈನಿಗೆ ಅದು ಬರೋಬ್ಬರಿ. ಅಣ್ಣನ ಹೆಂಡತಿ ಎತ್ತರದ ಹೆಣ್ಣುಮಗಳು. ನಿಂತುಕೊಂಡೇ ಕುಕ್ಕರ್ ಇಡುತ್ತಾಳೆ, ಚಪಾತಿ ಲಟ್ಟಿಸುತ್ತಾಳೆ, ಬೆನ್ನು ನೋವು ಎಂದು ಒಂದು ದಿನವೂ ಅಂದವಳಲ್ಲ. ಊರಿಗೆ ಹೋದಾಗಲೆಲ್ಲ ನಾನು ಆ ಕಟ್ಟೆಯನ್ನು ನೋಡುತ್ತೇನೆ, ಮುಟ್ಟುವುದಿಲ್ಲ. ಚಹಾದ ಕಪ್ಪನ್ನೂ ಅದರ ಮೇಲೆ ಇಡುವುದಿಲ್ಲ. ಕಲ್ಲಿನ ಮೇಲೆ ಎಂಥ ಸಿಟ್ಟೇ ಹುಚ್ಚಿ ಎಂದು ನೀವು ಕೇಳಬಹುದು. ಸಿಟ್ಟು ಕಲ್ಲಿನ ಮೇಲಲ್ಲ. ಆ ಅಳತೆ ಬರೆದ ಕೈ ನನ್ನದು.

ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ನಾನು ಇಂಟೀರಿಯರ್ ಡಿಸೈನ್ ಓದುತ್ತಿದ್ದೆ. ನಮ್ಮೂರು ಮೊರಬದ ಬಾಜೂಕು, ಎರೆ ಹೊಲಗಳ ನಡುವೆ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಿದ್ದೆ. ಬೆನ್ನಿಗೆ ನಕ್ಷೆ ಸುತ್ತಿಟ್ಟ ಉದ್ದನೆಯ ಕೊಳವೆ, ಕಂಕುಳಲ್ಲಿ ಡ್ರಾಯಿಂಗ್ ಬೋರ್ಡು, ಕೈಯಲ್ಲಿ ಗೆರೆ ಎಳೆಯುವ ಉದ್ದನೆಯ ಟಿ-ಸ್ಕ್ವೇರು. "ಯಾರ ಮನಿ ಬಾಗಲಾ ಕಿತ್ಗೊಂಡ ಬಂದೀಯವಾ?" ಎಂದು ಕಂಡಕ್ಟರ್ ಬಸ್ಸಿನ ಮಂದಿಯನ್ನೆಲ್ಲ ನಗಿಸುತ್ತಿದ್ದ. ನಾನು ಏನು ಕಲಿಯುತ್ತಿದ್ದೇನೆ ಎಂಬುದು ಊರವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬಣ್ಣ ಹಚ್ಚುವುದನ್ನು ಕಲಿಯಲು ಕಾಲೇಜು ಯಾಕೆ ಬೇಕು ಅನ್ನುವವರೇ ಎಲ್ಲ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಹೊಲ ನೋಡಿಕೊಳ್ಳುವವನು ಅಣ್ಣ, ನನ್ನನ್ನು ಓದಿಸಲೇಬೇಕೆಂದು ಹಟ ಹಿಡಿದವಳು ಅವ್ವ. ಕೇಳಿದವರಿಗೆಲ್ಲ ಆಕೆ, "ನನ್ನ ಮಗಳು ಮನಿ ಒಳಗಿನ ಇಂಜಿನಿಯರ್ ಆಗಾಕತ್ತಾಳ" ಅನ್ನುತ್ತಿದ್ದಳು. ನಾನು ತಿದ್ದಲಿಲ್ಲ. ಕೇಳಲು ಹಿತವಾಗಿತ್ತು.

ಕೊನೆಯ ವರ್ಷ ನಮ್ಮ ಮೇಡಂ ಒಂದು ಪ್ರಾಜೆಕ್ಟ್ ಕೊಟ್ಟರು. ಅವರವರ ಮನೆಯ ಒಂದು ಕೋಣೆ ಆರಿಸಿಕೊಳ್ಳಬೇಕು. ಅಲ್ಲಿ ಹೆಚ್ಚು ಹೊತ್ತು ಇರುವ ಒಬ್ಬರನ್ನು ಅಳೆಯಬೇಕು. ಅವರಿಗೆ ಒಪ್ಪುವಂತೆ ಆ ಕೋಣೆಯನ್ನು ಹೊಸದಾಗಿ ಬರೆಯಬೇಕು. ಪೆನ್ಸಿಲ್ಲಿನ ನಕ್ಷೆ, ಅದರ ಮೇಲೆ ಇಂಕು, ಬಣ್ಣ ತುಂಬಿದ ಚಿತ್ರ, ಕಡೆಗೆ ರಟ್ಟಿನ ಮಾದರಿ, ಎಲ್ಲವೂ ಕೈಯಿಂದಲೇ. ಕಂಪ್ಯೂಟರ್ ಮುಟ್ಟಿದರೆ ಸೊನ್ನೆ. ಉಳಿದವರೆಲ್ಲ ತಮ್ಮ ತಮ್ಮ ಮಲಗುವ ಕೋಣೆ ಹಿಡಿದರು. ನಾನು ಅವ್ವನ ಅಡಿಗೆಮನೆ ಅಂದೆ. ಅದಕ್ಕೆ ಕಾರಣವಿತ್ತು. ಅಣ್ಣನ ಮದುವೆ ಗೊತ್ತಾಗಿತ್ತು, ಅದಕ್ಕೂ ಮೊದಲು ಹಳೆಯ ಅಡಿಗೆಮನೆ ಕೆಡವಿ ಹೊಸದು ಕಟ್ಟಿಸುವ ಮಾತು ನಡೆದಿತ್ತು. ಹೊಸದರಲ್ಲಿ ಅವ್ವನಿಗೆ ನೆಲದ ಮೇಲೆ ಕುಂತು ರೊಟ್ಟಿ ಬಡಿಯಲು ಜಾಗ ಉಳಿಯುತ್ತದೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಗಿತ್ತು.

ಯಾಕೆಂದರೆ ನಮ್ಮವ್ವ ನಾಲ್ಕು ಫೂಟು ಎಂಟು ಇಂಚಿನ ಹೆಣ್ಣುಮಗಳು. ನಿಂತರೆ ನಾಲ್ಕು ಜನರ ನಡುವೆ ಕಾಣಿಸುತ್ತಿರಲಿಲ್ಲ. ಒಲೆಯ ಮುಂದೆ ಕುಂತಾಗ ನೋಡಬೇಕಿತ್ತು ಅವಳನ್ನು. ತವರಿನಿಂದ ತಂದ ಸಾಗವಾನಿ ಮಣೆ ಹಾಕಿಕೊಂಡು ಚಕ್ಕಳಮಕ್ಕಳ ಕೂರುತ್ತಿದ್ದಳು. ಎಡಕ್ಕೆ ಹಿಟ್ಟಿನ ಡಬ್ಬಿ, ಬಲಕ್ಕೆ ನೀರಿನ ಚರಿಗೆ, ಬೆನ್ನ ಹಿಂದೆ ರೊಟ್ಟಿ ಬುಟ್ಟಿ. ಒಮ್ಮೆ ಕುಂತಳೆಂದರೆ ನಲವತ್ತು ರೊಟ್ಟಿ ಆಗುವವರೆಗೆ ಏಳುತ್ತಿರಲಿಲ್ಲ. ಮೈಯ ಭಾರವೆಲ್ಲ ಅಂಗೈಗೆ ಇಳಿದು, ರೊಟ್ಟಿ ಬಡಿಯುವ ಸಪ್ಪಳ ಬೀದಿಯವರೆಗೂ ಕೇಳುತ್ತಿತ್ತು. ಆ ಮಣೆಯ ಮೇಲೆ ಮಾತ್ರ ಯಾರೂ ನಿಲ್ಲುವಂತಿರಲಿಲ್ಲ. ಸಣ್ಣವಳಿದ್ದಾಗ ಶೇಂಗಾದ ಡಬ್ಬಿ ಇಳಿಸಲು ಅದನ್ನು ಹತ್ತಿದೆನೆಂದು ಬೆನ್ನಿಗೆ ಗುದ್ದಿದ್ದಳು. "ಕುಂದ್ರೂ ಮಣಿ ಮ್ಯಾಲ ನಿಂದ್ರತಾರೇನ್ಲೇ? ದರಿದ್ರ ಹತ್ತತೈತಿ!"

ಒಂದು ರವಿವಾರ ಸಂಜೆ ಟೇಪು ಹಿಡಿದು ಅವಳನ್ನು ಅಳೆಯಲು ಕುಂತೆ. ಅವ್ವನಿಗೆ ನಾಚಿಕೆ, ನಗು, ಕಚಗುಳಿ ಎಲ್ಲ ಒಟ್ಟಿಗೆ.

"ಅಳ್ಳಾಡಬ್ಯಾಡ ಬೇ, ಬೆನ್ನ ನೆಟ್ಟಗ ಮಾಡು."

"ಯಾಕಲೇ, ಸತ್ತ ಮ್ಯಾಲ ಅಳಿಯೂದನ್ನ ಈಗ ಅಳ್ಯಾಕತ್ತೀಯಲ್ಲ!"

ನಮ್ಮ ಜನ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಕುಣಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಕಾಲು ಮಡಚಿ ಅದರೊಳಗೆ ಕೂರಿಸಿ, ವಿಭೂತಿ ಪತ್ರಿ ಇಟ್ಟು ಮುಚ್ಚುತ್ತಾರೆ. ಕುಣಿಯ ಉದ್ದ ಅಗಲಕ್ಕೆ ಸತ್ತವರ ಪಾದವೇ ಅಳತೆ. ಗೂಡಿಗೆ ಮಾತ್ರ ಅವರು ಕುಂತ ಎತ್ತರ, ಕುಂತ ಅಗಲ ಬೇಕು. ಅಪ್ಪನನ್ನೂ ಪಡಸಾಲೆಯಲ್ಲಿ ಕೂರಿಸಿ ದಾರ ಹಿಡಿದು ಅಳೆದದ್ದು ನನಗೆ ನೆನಪಿತ್ತು.

"ಬಿಡ್ತು ಅನ್ನ ಬೇ, ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತ!" ಎಂದು ರೇಗಿದೆ.

"ಬಿಡ್ತು, ಬಿಡ್ತು. ಬರಕೋ ನೀ."

ಬರೆದುಕೊಂಡೆ. ನೆಲದಿಂದ ನೆತ್ತಿಗೆ ಎರಡು ಫೂಟು ಐದು ಇಂಚು. ಮೊಣಕಾಲಿನಿಂದ ಮೊಣಕಾಲಿಗೆ ಎರಡು ಫೂಟು ಎರಡು ಇಂಚು. ರೊಟ್ಟಿ ಬಡಿಯುವಾಗ ಮೊಣಕೈ ಆಡಲು ಎಡಕ್ಕೆ ಒಂಬತ್ತು ಇಂಚು, ಬಲಕ್ಕೆ ಒಂಬತ್ತು ಇಂಚು. ಅವ್ವ ಟೇಪಿನ ತುದಿ ಹಿಡಿದುಕೊಂಡೇ ಅಂದಳು, "ನೀವ ಗ್ಯಾಸ್ ಇಡ್ರಿ, ಕಟ್ಟಿ ಕಟ್ಟ್ರಿ, ನಾ ಏನ ಬ್ಯಾಡ ಅನ್ನೂದಿಲ್ಲ. ಬರೂ ಸೊಸಿಗೂ ಬೇಕಲ್ಲ. ನನಗ ಒಂದ ಮೂಲ್ಯಾಗ ಕುಂದ್ರಾಕ ಜಾಗಾ ಬಿಡ್ರಿ ಸಾಕು. ಕೈ ಆಡೂ ಜಾಗಾ ಮಾತ್ರ ಚೊಲೊ ಇಡಲೇ, ಮುದ್ದಿ ಮಾಡಿ ಕುಂದ್ರಸಬ್ಯಾಡ್ರಿ ನನ್ನ."

"ಆತ ಬೇ, ನಾ ಅದೀನಲ್ಲ" ಅಂದೆ. ಆ ಮಾತು ನನ್ನದೇ ಬಾಯಿಂದ ಬಂದದ್ದು.

ಹದಿನೈದು ದಿನ ಕುಂತು ನಕ್ಷೆ ಬರೆದೆ. ಒಂದು ಗೋಡೆಗುಂಟ ನಿಂತು ಮಾಡುವವರಿಗೆ ಕಟ್ಟೆ. ಮೂಡಣ ಮೂಲೆಯಲ್ಲಿ ಒಂದು ಮೆಟ್ಟಿಲು ತಗ್ಗಿನಲ್ಲಿ ಅವ್ವನ ಜಾಗ: ಗಿಡ್ಡ ಒಲೆ, ಮೇಲೆ ಹೊಗೆ ಹೋಗಲು ಗೂಡು, ಕುಂತವರ ಕಣ್ಣಿಗೆ ಸರಿಯಾಗಿ ಒಂದು ಕಿಟಕಿ. ಕುಂತಲ್ಲಿಂದಲೇ ಹಿತ್ತಲ ಎಮ್ಮೆ ಕಾಣಬೇಕು ಎಂಬುದು ಆಕೆಯ ಷರತ್ತು. ಗೆರೆ ದಪ್ಪವಾದರೆ ಬ್ಲೇಡಿನಿಂದ ಹೆರೆದು ಮತ್ತೆ ಎಳೆದೆ. ಬಣ್ಣ ತುಂಬುವಾಗ ಒಲೆಯ ಹಿಂದಿನ ಗೋಡೆಗೆ ಅಂಗಡಿಯ ಕರಿ ಬಣ್ಣ ಹೊಂದಲಿಲ್ಲ. ಸತ್ತ ಕಪ್ಪು ಅದು. ಅವ್ವ ಹಂಚಿನ ಅಡಿಯ ಮಸಿ ಕೆರೆದು ತೆಂಗಿನ ಚಿಪ್ಪಿನಲ್ಲಿ ಕೊಟ್ಟಳು. ಅದನ್ನೇ ನೀರಿನಲ್ಲಿ ಕಲಸಿ ತೆಳ್ಳಗೆ ಬಳಿದೆ. ಹಾಳೆಯ ಮೇಲೆ ನಮ್ಮ ಗೋಡೆ ಥೇಟ್ ಹಾಗೇ ಬಂತು.

ಆಮೇಲೆ ರಟ್ಟಿನ ಮಾದರಿ, ಇಪ್ಪತ್ತರಲ್ಲಿ ಒಂದು ಪಾಲಿನ ಗಾತ್ರದಲ್ಲಿ. ಮಾದರಿಯೊಳಗೆ ಒಂದು ಮನುಷ್ಯಾಕೃತಿ ಇಡಬೇಕು ಎಂಬುದು ನಿಯಮ, ಇಲ್ಲದಿದ್ದರೆ ಕೋಣೆಯ ಅಳತೆ ನೋಡುವವರಿಗೆ ತಿಳಿಯುವುದಿಲ್ಲ. ನನ್ನ ಕೈಯಲ್ಲಿ ಗೊಂಬೆ ಬರಲಿಲ್ಲ. "ಕೊಡಿಲ್ಲೆ" ಎಂದು ಅವ್ವ ಎರೆ ಮಣ್ಣು ನಾದಿದಳು. ಮಣ್ಣೆತ್ತಿನ ಅಮಾವಾಸ್ಯೆಗೆ ಪ್ರತಿ ವರ್ಷ ಜೋಡೆತ್ತು ಮಾಡುವ ಕೈ ಅದು. ಹೆಬ್ಬೆರಳ ತುದಿಯಷ್ಟು ಎತ್ತರದ ಹೆಂಗಸು, ಚಕ್ಕಳಮಕ್ಕಳ ಕುಂತು, ಎರಡೂ ಕೈ ಮುಂದೆ ಚಾಚಿ, ಸೆರಗು ಸಹಿತ. ನೆರಳಿನಲ್ಲಿ ಒಣಗಿದರೂ ಬೆನ್ನ ಮೇಲೆ ಒಂದು ಸೀಳು ಬಿಟ್ಟಿತ್ತು. "ಇರಲಿ ಬಿಡು, ನನ್ನ ಬೆನ್ನೂ ಹಂಗ ಐತಿ" ಅಂದಳು.

ಕಾಲೇಜಿನಲ್ಲಿ ಮೇಡಂ ಎಲ್ಲರೆದುರು ನನ್ನ ಹಾಳೆಯನ್ನು ಬೋರ್ಡಿಗೆ ಚುಚ್ಚಿದರು. ಬೆಂಗಳೂರಿನ ಕಡೆಯವರು, ಕೆಟ್ಟವರೇನಲ್ಲ, ಗೆರೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹಾಳೆಯನ್ನು ಬಹಳ ಹೊತ್ತು ನೋಡಿ, "ಗೆರೆ ಚೆನ್ನಾಗಿದೆಯಮ್ಮ. ಆದರೆ ಯಾವ ಕಾಲದಲ್ಲಿದ್ದೀಯ? ಅಡಿಗೆ ಮಾಡುವವರನ್ನು ನೆಲದಿಂದ ಎಬ್ಬಿಸುವುದಕ್ಕೇ ನಾವು ಇಷ್ಟೆಲ್ಲ ಓದೋದು. ನೀನು ಮತ್ತೆ ಗುಂಡಿಯಲ್ಲಿ ಕೂರಿಸ್ತಿದ್ದೀಯಲ್ಲ" ಅಂದರು. ಹಿಂದಿನ ಬೆಂಚಿನವರು ನಕ್ಕರು. ಗೋಡೆಯ ಮಸಿ ನೋಡಿ ಇನ್ನೊಮ್ಮೆ ನಕ್ಕರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಬಸ್ಸಿನಲ್ಲಿ ಕಾಲು ತುಳಿದವರನ್ನೂ ಬಿಟ್ಟವಳಲ್ಲ. ಆವತ್ತು ಮಾತ್ರ ಪಿನ್ನು ಕಿತ್ತು ಹಾಳೆ ಸುತ್ತಿಕೊಂಡೆ. ನಮ್ಮವ್ವನಿಗೆ ಹೀಗೇ ಬೇಕ್ರೀ ಎಂಬ ಒಂದು ಮಾತು ಹೊರಡಲಿಲ್ಲ. ನಾಚಿಕೆಯಾಗಿತ್ತು, ಖರೇ ಹೇಳುತ್ತೇನೆ. ಅವ್ವನ ಬಗ್ಗೆಯೇ ನಾಚಿಕೆಯಾಗಿತ್ತು.

ನಾಲ್ಕು ದಿನದಲ್ಲಿ ಬೇರೆ ಹಾಳೆ ಬರೆದೆ. ಮೂಡಣ ಮೂಲೆಯ ತಗ್ಗು ಹೋಯಿತು, ಗಿಡ್ಡ ಕಿಟಕಿ ಹೋಯಿತು. ಮೂರೂ ಗೋಡೆಗೆ ಕರಿ ಕಲ್ಲಿನ ಕಟ್ಟೆ, ಪುಸ್ತಕದಲ್ಲಿದ್ದಂತೆ ಎರಡು ಫೂಟು ಹತ್ತು ಇಂಚು. ಗೋಡೆಗೆ ಕೆನೆಬಣ್ಣ. ಮಾದರಿಯಿಂದ ಮಣ್ಣಿನ ಹೆಂಗಸನ್ನು ಎತ್ತಿ, ಬಿಳಿ ರಟ್ಟಿನಲ್ಲಿ ಕತ್ತರಿಸಿದ ತೆಳ್ಳನೆಯ ಹೆಂಗಸೊಬ್ಬಳನ್ನು ನಿಲ್ಲಿಸಿದೆ. ಆಕೆಯ ಎತ್ತರ ಐದು ಫೂಟು ನಾಲ್ಕು ಇಂಚು. ಯಾರ ಅವ್ವನೋ ಏನೋ. ಮೇಡಂ ಮೆಚ್ಚಿದರು, ಕ್ಲಾಸಿಗೆಲ್ಲ ತೋರಿಸಿದರು, ಮೂಲೆಯಲ್ಲಿ ಸಹಿ ಹಾಕಿ ಸಿಕ್ಕಾ ಒತ್ತಿದರು.

ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಒಂದೇ ಕೊಳವೆಯಲ್ಲಿ ಸುತ್ತಿಕೊಂಡು ಮನೆಗೆ ತಂದೆ. ಗೊಂಬೆಯನ್ನು ಅವ್ವನ ಕೈಗೆ ವಾಪಸು ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾಕಲೇ, ನಾ ಪಾಸ್ ಆಗ್ಲಿಲ್ಲೇನು?" ಎಂದು ಕೇಳಿದಳು.

"ನೀ ಪಾಸ್ ಬೇ. ಮಾಡೆಲ್ಲಿನ್ಯಾಗ ಜಾಗಾ ಸಾಲಲಿಲ್ಲ."

ಸುಳ್ಳು. ಆಕೆ ಗೊಂಬೆಯನ್ನು ಪಡಸಾಲೆಯ ದೇವರ ಜಗಲಿಯ ಮೇಲೆ ಇಟ್ಟು ಒಲೆಯ ಕಡೆ ಹೋದಳು.

ಪರೀಕ್ಷೆ ಹತ್ತಿರ ಬಂದು ನಾನು ಹುಬ್ಬಳ್ಳಿಯಲ್ಲೇ ಗೆಳತಿಯ ರೂಮಿನಲ್ಲಿ ಉಳಿದಿದ್ದೆ. ಒಂದು ಮಧ್ಯಾಹ್ನ ಅಣ್ಣ ಫೋನು ಮಾಡಿದ. ಗೌಂಡಿ ಬಂದಿದ್ದಾನೆ, ಅಡಿಗೆಮನೆ ಕೆಲಸ ಶುರು. "ಮನ್ಯಾಗ ಇಂಜಿನಿಯರ್ ಇದ್ದಾಗ ಬ್ಯಾರೆಯವರನ್ನ ಯಾಕ ಕೇಳೂದು? ನಿನ್ನ ಕೊಳವ್ಯಾಗ ಎರಡ ಹಾಳಿ ಅದಾವಲ್ಲ, ಗೌಂಡಿಗೆ ಯಾವುದ ಕೊಡ್ಲಿ?"

ಒಂದು ಉಸಿರಿನ ಹೊತ್ತು ನಾನು ಸುಮ್ಮನಿದ್ದೆ. ಆ ಒಂದು ಉಸಿರಿನ ಹೊತ್ತನ್ನು ನಾನು ಎಷ್ಟು ಸಲ ವಾಪಸು ಕೇಳಿದ್ದೇನೋ ಶಿವನಿಗೇ ಗೊತ್ತು. ಗೆಳತಿಯರು ಬಾಜೂಕು ಕುಂತಿದ್ದರು. ಸಿಕ್ಕಾ ಇದ್ದ ಹಾಳೆಯೇ ದೊಡ್ಡದೆಂದು ಅನಿಸಿತು.

"ಸಹಿ ಇದ್ದದ್ದ ಕೊಡು" ಅಂದೆ.

ಆ ಕಡೆಯಿಂದ ಅವ್ವನ ದನಿ ಕೇಳಿಸಿತು, "ಆಕಿ ಹೇಳಿದಂಗ ಮಾಡಪಾ, ಓದಿದಾಕಿ ಆಕಿ."

ಗೌಂಡಿ ಹಾಳೆಯನ್ನು ಮೊಳೆಗೆ ಸಿಕ್ಕಿಸಿ, ಇಂಚೂ ಹೆಚ್ಚು ಕಡಿಮೆಯಾಗದಂತೆ ಕಟ್ಟಿದ. ಮದುವೆಗೆ ಬಂದ ಬೀಗರೆಲ್ಲ ಅಡಿಗೆಮನೆ ನೋಡಿ ಹೊಗಳಿದರು. ನೆಲಕ್ಕೆ ನುಣುಪು ಟೈಲ್ಸು. ನೆಲದ ಮೇಲೆ ಒಲೆ ಹೂಡಲು ಎಲ್ಲೂ ಮೂಲೆ ಇರಲಿಲ್ಲ. ಅವ್ವ ಉಳಿದ ಅಡಿಗೆಯನ್ನೆಲ್ಲ ಸೊಸೆಗೆ ಒಪ್ಪಿಸಿದಳು. ರೊಟ್ಟಿ ಬಡಿಯುವ ಕೆಲಸ ಮಾತ್ರ ಸೊಸೆಗೆ ಬಿಡಲಿಲ್ಲ. ಕಲ್ಲಿನ ಕಟ್ಟೆ ಅವಳ ಮೊಣಕೈಗೆ ಬರುತ್ತಿತ್ತು, ಅಂಗೈಗೆ ಭಾರ ಸಿಗುತ್ತಿರಲಿಲ್ಲ, ಗ್ಯಾಸಿನ ಮೇಲಿನ ಹಂಚು ಎದೆಗೆ ಸಮ. ಮದುವೆಯ ಗದ್ದಲದಲ್ಲಿ ಎರಡು ದಿನ ಬಂದು ಹೋದಾಗ ನನಗೆ ಏನೂ ಕಂಡಿರಲಿಲ್ಲ. ಪರೀಕ್ಷೆ ಮುಗಿಸಿ ಬಂದ ದಿನ ನಾನು ನೋಡಿದ್ದು ಇದು: ಅವ್ವ ತವರಿನ ಮಣೆಯನ್ನು ಟೈಲ್ಸಿನ ಮೇಲೆ ಹಾಕಿಕೊಂಡು, ಅದರ ಮೇಲೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ತಟ್ಟನೆ ಇಳಿದು, ತಪ್ಪು ಮಾಡಿ ಸಿಕ್ಕವರ ಹಾಗೆ ಸೆರಗಿನಿಂದ ಮಣೆ ಒರೆಸಿದಳು.

"ಅದರ ಮ್ಯಾಲ ನಿಂತೀಯಲ್ಲ ಬೇ" ಅಂದೆ.

"ಏನ್ಮಾಡ್ಲಿ ಯವ್ವಾ, ನಾ ಎತ್ತರ ಆಗೂ ಹಂಗಿಲ್ಲ ಇನ್ನ" ಎಂದು ನಕ್ಕಳು.

ಆಗಲಾದರೂ ಕಟ್ಟೆ ಒಡೆಸಬಹುದಿತ್ತು. ಒಂದು ಮೂಲೆ, ಒಂದು ದಿನದ ಕೆಲಸ. ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೂಡಿದೆ. ನಾನು ಬರೆದದ್ದನ್ನು ನಾನೇ ಒಡೆಸುವುದೇ ಎಂಬ ಹಮ್ಮೂ ಇತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಗಾದೆಯನ್ನು ನನ್ನಂಥವರನ್ನು ನೋಡಿಯೇ ಕಟ್ಟಿರಬೇಕು.

ಒಂದು ಬೆಳಿಗ್ಗೆ ನೀರು ಚೆಲ್ಲಿದ ಟೈಲ್ಸಿನ ಮೇಲೆ ಮಣೆ ಜಾರಿತು. ಅವ್ವನ ತೊಡೆಯ ಸಂದಿನ ಎಲುಬು ಮುರಿಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಸಲಾಕೆ ಹಾಕಿದರು. ಇನ್ನು ಮುಂದೆ ಇವರನ್ನು ನೆಲಕ್ಕೆ ಕೂರಿಸುವಂತಿಲ್ಲ, ಕಾಲು ಮಡಚಿಸುವಂತಿಲ್ಲ ಎಂದರು ಡಾಕ್ಟರು. ಆಮೇಲಿನ ಐದು ತಿಂಗಳು ಅವ್ವ ಪಡಸಾಲೆಯ ಮಂಚದ ಮೇಲೆ. ಮಲಗಿ ಮಲಗಿ ಬೆನ್ನು ಹುಣ್ಣಾಯಿತು, ಕಫ ಕಟ್ಟಿತು. ವೈನಿ ತನ್ನ ಹಡೆದವ್ವನಿಗೆ ಮಾಡುವಂತೆ ಮಾಡಿದಳು, ಅದರಲ್ಲಿ ಒಂದು ಮಾತಿಲ್ಲ. ಅವ್ವ ಬೇಡಿದ್ದು ಒಂದೇ. "ಒಮ್ಮೆ ನೆಲಕ್ಕ ಕುಂದ್ರಸ್ರಲೇ. ಒಂದ ಗಳಿಗಿ ಸಾಕು." ನಾವು ಡಾಕ್ಟರ ಮಾತು ಹೇಳುತ್ತಿದ್ದೆವು. ಆಗ ಜಗಲಿಯ ಮೇಲಿನ ಮಣ್ಣಿನ ಗೊಂಬೆಯ ಕಡೆ ಕೈ ತೋರಿಸಿ, "ಆಕಿನ್ನ ನೋಡು, ಹೆಂಗ ಕುಂತಾಳ ಆರಾಮ" ಅನ್ನುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ ಅಳುತ್ತಿದ್ದೆ. ತಪ್ಪು ನಂದ ಬೇ ಎಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಲಿಲ್ಲ. ಹೇಳಿದ್ದರೆ ಆಕೆಯೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ ಎಂದು ಈಗ ಅಂದುಕೊಳ್ಳುತ್ತೇನೆ. ಅದೂ ಪೂರಾ ಖರೇ ಅಲ್ಲ.

ಮಳೆಗಾಲದ ಒಂದು ಮುಂಜಾನೆ ಚಹಾ ಕುಡಿಸುವ ಹೊತ್ತಿಗೆ ಅವ್ವ ಹೋಗಿಬಿಟ್ಟಿದ್ದಳು.

ಮಂದಿ ಸೇರಿದರು. ಸಲಾಕೆ ಹಾಕಿದ ಕಾಲು ಮಡಚಲೊಲ್ಲದು. ಇಬ್ಬರು ಹೆಂಗಸರು ಬಿಸಿ ನೀರು ಹಾಕಿ ಸಾವಕಾಶ ಸಡಿಲು ಮಾಡುತ್ತ ಕುಂತರು. ಅಷ್ಟರಲ್ಲಿ ಊರಿನ ಕುಣಿ ತೋಡುವ ಅಜ್ಜ ಬಾಗಿಲಿಗೆ ಬಂದ. ಮೋಡ ಕಟ್ಟಿತ್ತು, ಅವನಿಗೆ ಅವಸರ. "ಮಳಿ ಹತ್ತಿದರ ಎರಿ ಕುಸೀತೈತ್ರಿ. ಈಗ ಗೂಡ ಕೊರದ ಮುಗಿಸಬೇಕು. ಪಾದದ ಅಳತಿ ತಗೊಂಡೀನಿ. ಕುಂತ ಎತ್ತರ, ಅಗಲ ಎಷ್ಟ ಹಿಡೀಲಿ?" ಅಣ್ಣ ಮಂಚದ ಮೇಲೆ ಮಲಗಿದ್ದ ಅವ್ವನನ್ನು ನೋಡಿದ, ಅಜ್ಜನನ್ನು ನೋಡಿದ. ಹೆತ್ತ ತಾಯಿ ಕುಂತರೆ ಎಷ್ಟು ಎತ್ತರ ಎಂದು ಯಾವ ಮಗನಿಗೆ ಗೊತ್ತಿರುತ್ತದೆ?

"ನನಗ ಗೊತ್ತೈತ್ರಿ" ಅಂದೆ.

ಟ್ರಂಕಿನ ಹಿಂದಿನಿಂದ ಕೊಳವೆ ಎಳೆದು, ಮಸಿ ಬಳಿದ ಹಳೆಯ ಹಾಳೆಯನ್ನು ನೆಲದ ಮೇಲೆ ಹಾಸಿದೆ. ಅಜ್ಜನಿಗೆ ಓದಲು ಬರುವುದಿಲ್ಲ. ಅದಕ್ಕೆ ಎರಡು ದಾರ ತೆಗೆದುಕೊಂಡು, ಟೇಪು ಹಿಡಿದು ಗಂಟು ಹಾಕಿದೆ. ಎತ್ತರದ ದಾರಕ್ಕೆ ಎರಡು ಫೂಟು ಐದು ಇಂಚಿಗೆ ಒಂದು ಗಂಟು. ಅಗಲದ ದಾರಕ್ಕೆ ಹಾಳೆಯಲ್ಲಿ ಬರೆದಿದ್ದಂತೆ ಮೂರು ಫೂಟು ಎಂಟು ಇಂಚಿಗೆ ಇನ್ನೊಂದು. ಅಜ್ಜ ಎರಡನೆಯ ದಾರವನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು ನೋಡಿದ.

"ಇಷ್ಟ ಅಗಲ ಯಾಕ ಬೇಕವಾ?"

"ಕೈ ಆಡಾಕ್ರಿ" ಅಂದೆ.

ಅಂದ ಮೇಲೆ ನನಗೆ ತಿಳಿಯಿತು. ಅಜ್ಜ ದಾರವನ್ನು ನನ್ನ ಕೈಗೆ ಕೊಟ್ಟ. ಗಂಟು ಬಿಗಿಯಾಗಿತ್ತು, ಬೆರಳಿಗೆ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಎಡಕ್ಕೆ ಒಂಬತ್ತು ಇಂಚು ತೆಗೆದೆ, ಬಲಕ್ಕೆ ಒಂಬತ್ತು ಇಂಚು ತೆಗೆದೆ, ಎರಡು ಫೂಟು ಎರಡು ಇಂಚಿಗೆ ಮತ್ತೆ ಕಟ್ಟಿ ಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ಕಾಲು ಮಡಚಿತು. ಮಳೆ ಬರುವುದರೊಳಗೆ ಹೊಲಕ್ಕೆ ಒಯ್ದೆವು. ಅಯ್ಯನವರು ಮಂತ್ರ ಹೇಳಿ ವಿಭೂತಿ ಹಚ್ಚಿದರು, ನಾಲ್ಕು ಜನ ಕೆಳಗಿಳಿದು ಅವ್ವನನ್ನು ಗೂಡಿನೊಳಗೆ ಕೂರಿಸಿದರು. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಐದು ತಿಂಗಳ ಮೇಲೆ ಆಕೆ ನೆಲಕ್ಕೆ ಕುಂತಳು. ಪತ್ರಿ ಹಾಕಲು ನಾನು ಬಗ್ಗಿದೆ. ನೆತ್ತಿಯ ಮೇಲೆ ಒಂದು ಬೆರಳು ಸಂದು ಬಿಟ್ಟರೆ ಎಲ್ಲಿಯೂ ಹೆಚ್ಚಿಲ್ಲ, ಎಲ್ಲಿಯೂ ಕಡಿಮೆಯಿಲ್ಲ. ಅಜ್ಜ ಕುಣಿಯೊಳಗಿಂದಲೇ ತಲೆ ಎತ್ತಿ, "ಬರೋಬ್ಬರಿ ಬಂತ ನೋಡವಾ ನಿನ್ನ ಅಳತಿ" ಅಂದ.

ಅವ್ವನ ಬಾಯಿಂದ ಕೇಳಬೇಕಾಗಿದ್ದ ಮಾತು ಅದು.